ಸಾಹೇಬರು ತಿಂದ ಪ್ರಯೋಗ

ಇರಕಲ್ಲಗಡದಿಂದ ಆಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನನ್ನ ಅಕ್ಕ ವಿಜ್ಞಾನ ಕಲಿಸುತ್ತಿದ್ದಳು. ನಾನು ಕೊಪ್ಪಳದಲ್ಲಿ ಪತ್ರಿಕೆಯೊಂದರ ವರದಿಗಾರ. ಶಾಲೆಗೆ ಟ್ಯಾಬ್‌ಗಳು ಬಂದ ವರ್ಷ ಅಕ್ಕ ನೋಟ್ಸ್ ಬರೆಸುವುದನ್ನು ಬಿಟ್ಟು ಮಕ್ಕಳಿಗೆ ಒಂದು ಸಮಸ್ಯೆ ಕೊಟ್ಟಳು: ಗರಿಗರಿ ಮಂಡಾಳು, ಅಂದರೆ ಮಂಡಕ್ಕಿ, ಮರುದಿನಕ್ಕೆ ಯಾಕೆ ಮೆತ್ತಗಾಗುತ್ತವೆ? ಗಾಳಿಯ ತೇವದಿಂದ ಎಂದಿತು ಟ್ಯಾಬ್‌ನೊಳಗಿನ ಪುಸ್ತಕ.

"ಪುಸ್ತಕ ಹೇಳಿದ್ದು ಖರೇ ಅಂತ ಹೆಂಗ ನಂಬೂದು?" ಎಂದಳು ಅಕ್ಕ.

ಮಕ್ಕಳು ಕಿಟಕಿಯಲ್ಲಿ ಮೂರು ಡಬ್ಬಿ ಮಂಡಾಳು ಇಟ್ಟರು. ಒಂದು ಬಿಗಿಯಾಗಿ ಮುಚ್ಚಿದ್ದು, ಒಂದು ತೆರೆದದ್ದು, ಇನ್ನೊಂದು ಒದ್ದೆ ಬಟ್ಟೆ ಹೊದಿಸಿದ್ದು.

ಮರುದಿನ ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಪಾಠ ಹಿಂದೆ ಬಿದ್ದಿವೆ ಎಂದು ಯಾರೋ ದೂರಿದ್ದರು. ಸಾಹೇಬರಿಗೆ ಈ ಕಲಿಸುವ ರೀತಿ ಒಪ್ಪಿಗೆಯಾಗದಿದ್ದರೆ ಟ್ಯಾಬ್‌ಗಳು ಕಪಾಟು ಸೇರಿ, ಅಕ್ಕ ಮತ್ತೆ ನೋಟ್ಸ್ ಬರೆಸಬೇಕಿತ್ತು. ಅವಳ ಧೈರ್ಯಕ್ಕೆಂದು ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ನಮ್ಮ ಕಡೆ ಬಂದವರ ಬಾಯಿಗೆ ಏನಾದರೂ ಹಾಕದೆ ಮಾತು ಶುರುವಾಗುವುದಿಲ್ಲ. ಬಿಸಿಯೂಟದ ದೊಡ್ಡವ್ವ ಎಣ್ಣೆ, ಖಾರ, ಉಳ್ಳಾಗಡ್ಡಿ ಹಚ್ಚಿದ ಮಂಡಾಳು ತಂದಿಟ್ಟಳು. ಸಾಹೇಬರು ತಿನ್ನತೊಡಗಿದರು. ನಾನೂ ತಿಂದೆ. ಅಕ್ಕ ಮಕ್ಕಳ ಪ್ರಯೋಗವನ್ನು ಅವರಿಗೆ ವಿವರಿಸಿ, ಡಬ್ಬಿ ತೋರಿಸಲು ಕಿಟಕಿಯ ಕಡೆ ತಿರುಗಿದಳು. ಮೂರೂ ಡಬ್ಬಿ ಖಾಲಿ.

"ದೊಡ್ಡವ್ವ, ಇಲ್ಲಿದ್ದ ಮಂಡಾಳು?"

"ಸಾಹೇಬ್ರ ಹೊಟ್ಟ್ಯಾಗ ಅದಾವು. ಬಂದವ್ರಿಗಂತ ನೀವ ಇಟ್ಟಿದ್ರಲ್ಲ?"

ಮಕ್ಕಳು ಬೆಂಚಿನ ಕೆಳಗೆ ಬಗ್ಗಿ ಬಗ್ಗಿ ನಕ್ಕರು. ಅಕ್ಕನ ಮುಖ ನೋಡಲಾರದೆ ಸಾಹೇಬರೇ ನೆರವಿಗೆ ಬಂದರು.

"ಇರಲಿ ಬಿಡ್ರಿ ಮೇಡಂ. ಮೆತ್ತಗಾಗಿದ್ದು ನನ್ನ ಹಲ್ಲಿಗೇ ತಿಳೀತು. ಗಾಳಿಯ ತೇವ, ಪ್ರಯೋಗ ಛಲೋ ಆತು ಅಂತ ಬರೀತೀನಿ."

ಪಾರಾದಳು ಅಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

"ಹಂಗ ಬರೀಬ್ಯಾಡ್ರಿ ಸರ್. ಮೂರೂ ಕೂಡಿಸಿಬಿಟ್ಟಾರ. ಉಳ್ಳಾಗಡ್ಡಿನೂ ನೀರು ಬಿಡತೈತಿ. ಮೆತ್ತಗ ಮಾಡಿದ್ದು ಗಾಳಿನೋ ಉಳ್ಳಾಗಡ್ಡಿನೋ, ನಿಮ್ಮ ಹಲ್ಲಿಗೆ ಹೆಂಗ ಗೊತ್ತಾತ್ರಿ?"

ಅಕ್ಕ ಕಣ್ಣು ಮುಚ್ಚಿಕೊಂಡಳು. ಸಾಹೇಬರ ಕೈಯಲ್ಲಿದ್ದ ಹಿಡಿ ಬಾಯಿಯ ಹತ್ತಿರವೇ ನಿಂತಿತು. ಅವರು ಅದನ್ನು ನೋಡಿದರು, ಹುಡುಗಿಯನ್ನು ನೋಡಿದರು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು.

"ಸರ್‌ಗೆ ನೀರು ಕೊಡ್ರೋ," ಎಂದ ನನ್ನ ಪಕ್ಕದ ಹುಡುಗ. "ಸಾಕ್ಷಿ ಗಂಟಲದಾಗ ಸಿಕ್ಕೈತಿ."

ನೀರು ಕುಡಿದು ಸಾಹೇಬರು ಅಕ್ಕನಿಗೆ ಹೇಳಿದರು: "ನೋಟ್ಸ್ ಬರೆಸಿದ್ರ ಈ ಪ್ರಶ್ನೆ ಹುಟ್ಟತಿರಲಿಲ್ಲ. ಟ್ಯಾಬ್ ಇವ್ರ ಕೈಯಾಗ ಇರಲಿ. ಡಬ್ಬಿ ಮತ್ತ ಇಡ್ರಿ, ನಾನ ಬಂದು ಒಂದೊಂದ ತಿಂದು ಯಾವುದು ಮೆತ್ತಗಾಗೈತಿ ಹೇಳ್ತೀನಿ."

ಹುಡುಗಿ ಇನ್ನೂ ಕುಳಿತಿರಲಿಲ್ಲ.

"ಕಣ್ಣಿಗೆ ಬಟ್ಟಿ ಕಟ್ಟಬೇಕಾಗತೈತ್ರಿ ಸರ್," ಎಂದಳು.