ಇಳಿಜಾರಿನಲ್ಲಿ ಕೀ ಆಫ್

ಹಾರ್ನ್ ಒತ್ತಿದೆ. ಸದ್ದೇ ಬರಲಿಲ್ಲ.

ಎದುರಿಗೆ ಮಂಜು, ಮಂಜಿನೊಳಗಿಂದ ಬಸ್ಸು, ಬೆನ್ನ ಹಿಂದೆ ಮೊಮ್ಮಗಳು. ಮೊನ್ನೆ ಸೋಮವಾರ ಬೆಳಿಗ್ಗೆ ಹೊಂಗಡಹಳ್ಳದ ಇಳಿಜಾರಿನಲ್ಲಿ ನನ್ನ ಸ್ಥಿತಿ ಇದು.

ಆದರೆ ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಮೊಮ್ಮಗಳು ಲವೀನಾ ಈಗ ಸಕಲೇಶಪುರದಲ್ಲಿ ನರ್ಸ್. ತನ್ನ ಸಂಬಳದಲ್ಲೇ ಎಲೆಕ್ಟ್ರಿಕ್ ಸ್ಕೂಟರ್ ತಂದಳು. ತಂದವಳೇ ಕೀಯನ್ನು ನನ್ನ ಅಂಗೈಗಿಟ್ಟಳು.

"ಸಕಲೇಶಪುರದವರೆಗೆ ಬಸ್ಸು ಐತೆ. ಬಸ್ ಸ್ಟಾಪಿನವರೆಗೆ ನೀನೇ ಬಿಡ್ಬೇಕು, ಅಜ್ಜಾ."

ನಲವತ್ತು ವರ್ಷ ಎಸ್ಟೇಟ್ ಜೀಪ್ ಓಡಿಸಿದವನು ನಾನು. ವಯಸ್ಸಾಯಿತೆಂದು ಮನೆಯವರು ನಾಲ್ಕು ವರ್ಷದಿಂದ ಸೈಕಲ್ಲನ್ನೂ ಮುಟ್ಟಗೊಟ್ಟಿರಲಿಲ್ಲ. ಆ ದಿನ ಕೀಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ಊಟ ಮಾಡಿದೆ.

ಲವೀನಾ ಪಾಠ ಮಾಡಿದಳು. ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬಾರದು, ಬ್ಯಾಟರಿ ತಣ್ಣಗಾಗಬೇಕು. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ವಾರಕ್ಕೊಮ್ಮೆ ಟೈರಿನ ಗಾಳಿ ನೋಡಬೇಕು. ಎಲ್ಲವನ್ನೂ ಪಾಲಿಸಿದೆ. ಚಳಿಗೆ ಕಂಬಳಿ ಹೊದಿಸಲೇ ಎಂದೂ ಕೇಳಿದೆ. (ಚಾರ್ಜ್ ಆಗುವಾಗಂತೂ ಬೇಡವೇ ಬೇಡವಂತೆ, ಬಿಸಿ ಹೊರಗೆ ಹೋಗಬೇಕಂತೆ.)

ಅವಳು ಹೇಳದೆ ಬಿಟ್ಟದ್ದು ಒಂದೇ. ಅಂಥದೊಂದು ಚಟ ನನಗಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಘಟ್ಟದ ಹಳೇ ಡ್ರೈವರುಗಳು ಇಳಿಜಾರು ಬಂತೆಂದರೆ ನ್ಯೂಟ್ರಲ್ ಮಾಡಿ ಕೀ ಆಫ್ ಮಾಡುತ್ತಾರೆ. ಡೀಸೆಲ್ ಉಳಿತಾಯ. ಕೈಗೆ ಯಾರೂ ಹೇಳಬೇಕಿಲ್ಲ, ತಾನೇ ಹೋಗುತ್ತದೆ. ಸೋಮವಾರವೂ ಹೋಯಿತು.

ಲೈಟು ಹೋಯಿತು. ಹಾರ್ನ್ ಹೋಯಿತು. ಗಾಡಿಯನ್ನು ಹಿಂದಿನಿಂದ ಜಗ್ಗಿ ನಿಧಾನ ಮಾಡುತ್ತಿದ್ದ ಮೋಟಾರಿನ ಹಿಡಿತವೂ ಹೋಯಿತು. ಎರಡೂ ಬ್ರೇಕ್ ಅದುಮುತ್ತಾ ಕಾಫಿ ತೋಟದ ಬೇಲಿಗೆ ತಾಗಿಸಿ ಹೇಗೋ ನಿಲ್ಲಿಸಿದೆ. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಯಜಮಾನ್ರೇ, ಲೈಟ್ ಹಾಕ್ಕೊಂಡು ಬರ್ರೀ. ಗಾಡಿ ಐತೋ ಇಲ್ವೋ ಅಂತ ಗೊತ್ತಾಗ್ಬೇಡ್ವಾ?"

ಬಸ್ಸು ಹೋಯಿತು. ಲವೀನಾ ಇಳಿದು ಮುಂದೆ ಬಂದಳು.

"ಕೀ ಆಫ್ ಮಾಡಿದ್ಯಾ?"

"ಚಾರ್ಜ್ ಉಳೀಲಿ ಅಂತ ಕಣೆ."

"ಅಜ್ಜಾ, ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ರೆ ಇದು ತಾನೇ ಒಂಚೂರು ಚಾರ್ಜ್ ಮಾಡ್ಕಂತದೆ. ನೀನು ಉಳಿಸ್ಲಿಲ್ಲ, ಬರೋದನ್ನೂ ನಿಲ್ಲಿಸ್ಬುಟ್ಟೆ."

ಕೀ ತೆಗೆದು ಅವಳ ಮುಂದೆ ಹಿಡಿದೆ. "ತಗೋ ಮಗಾ. ಮನೆಯವರು ಹೇಳಿದ್ದೇ ಸರಿ."

ಅವಳು ತೆಗೆದುಕೊಳ್ಳಲಿಲ್ಲ. ಹಿಂದೆ ಹೋಗಿ ಕೂತಳು.

"ಸಕಲೇಶಪುರದ ಬಸ್ಸಿಗೆ ಹೊತ್ತಾಯ್ತು, ನಡಿ. ಆನ್ ಮಾಡಿದ್ಮೇಲೆ ಸ್ಟಾಪ್ ಬರೋವರೆಗೆ ಕೀ ಮುಟ್ಟಂಗಿಲ್ಲ."

ಉಳಿದ ಇಳಿಜಾರನ್ನು ಲೈಟು ಉರಿಸಿಕೊಂಡು, ತಿರುವಿಗೊಂದು ಹಾರ್ನ್ ಹೊಡೆಯುತ್ತಾ ಇಳಿದೆ. ಹಿಂದಿನಿಂದ ನಗು ಕೇಳಿಸಿತು. "ಸಾಕು ಮಾರಾಯ, ದನಗಳು ಹೆದರ್ತವೆ." ಆ ನಗು ಕೇಳಿ ನನಗೆ ರಸ್ತೆ ಮಸುಕಾಯಿತು. (ಮಂಜು ಅಷ್ಟರಲ್ಲಿ ಕರಗಿತ್ತು.)

ಜೀಪಿನಲ್ಲಿ ಎಷ್ಟು ಜನರನ್ನು ಕೂರಿಸಿಕೊಂಡು ಕೀ ಆಫ್ ಮಾಡಿ ಇಳಿದಿದ್ದೇನೋ. ಅವರೆಲ್ಲ ಮನೆ ಸೇರಿದ್ದು ನನ್ನ ಜಾಣತನದಿಂದ ಎಂದುಕೊಂಡಿದ್ದೆ. ಎದುರಿಗೆ ಏನೂ ಬರಲಿಲ್ಲ, ಅಷ್ಟೇ.

ನಲವತ್ತು ವರ್ಷ ಇಳಿಜಾರಿನಲ್ಲಿ ಉಳಿಸಿದ ಡೀಸೆಲ್ಲಿನಲ್ಲಿ ನಾನು ಹೋಗಬೇಕಿದ್ದ ಊರಾದರೂ ಯಾವುದು?