ಬಿಚ್ಚುವ ಮೊದಲು ತೋರಿಸು

ಅಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಹುಣಸೆಬೀಜದಷ್ಟು ದೊಡ್ಡ ಗಂಟು ಕಟ್ಟಿತ್ತು. ಕಪ್ಪಗೆ, ಒರಟಾಗಿ, ಮೇಲುಗಡೆ ಮಾತ್ರ ಉಜ್ಜಿಟ್ಟಂತೆ ಹೊಳೆಯುತ್ತಿತ್ತು. ಅದನ್ನು ಡಾಕ್ಟರಿಗೆ ತೋರಿಸಬಾರದೇ ಎಂದು ಯಾರಾದರೂ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಲವತ್ತು ವರ್ಷ ಸಾಕಿ ಬೆಳೆಸಿದ್ದನ್ನು ಯಾವ ಡಾಕ್ಟರಿಗೂ ಕೊಡುವುದಿಲ್ಲ ಎನ್ನುತ್ತಿದ್ದರು.

ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರುಮನೆ. ಉಡುಪಿ ಕಡೆಯವರು. ಯಜಮಾನರು ಗಿಂಡಿಯ ಹೋಟೆಲೊಂದರ ಮೇಲ್ವಿಚಾರಣೆ ನೋಡಿಕೊಂಡು ನಿವೃತ್ತರಾದವರು. ನಾನು ಹಾಸನದವಳು, ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲಿ ಕೂತು ಬೇಸತ್ತವಳು. ನನಗಿಂತ ಹದಿನೈದು ವರ್ಷ ದೊಡ್ಡವರಾದ ಅವರನ್ನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆದೆ. ಮೇಲಿನ ಮಹಡಿಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು, ತಮಿಳಿನವರು, ನಮ್ಮಿಬ್ಬರಿಗೂ ಮಾಮಿ. ಗುರುವಾರ ಮಧ್ಯಾಹ್ನ ಊಟ ಮುಗಿಸಿ ನಾವು ಮೂವರೂ ಅಕ್ಕನ ಹಾಲ್‌ನಲ್ಲಿ ಬಟ್ಟೆ ಹರಡಿಕೊಂಡು ಕೂರುತ್ತಿದ್ದೆವು. ಯಾರಿಗೂ ಅದು ಹೊಟ್ಟೆಪಾಡಲ್ಲ. ಹೊಲಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು, ಅದೂ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ.

ಆ ಹಾಲ್‌ಗೆ ಅಕ್ಕ ಮಾಡಿದ ಒಂದು ಕಾನೂನಿತ್ತು. ಹೊಲಿಗೆ ತಪ್ಪಿದರೆ ಕದ್ದು ಬಿಚ್ಚುವಂತಿಲ್ಲ. ಗುರುವಾರದವರೆಗೆ ಹಾಗೇ ಇಟ್ಟು, ಎಲ್ಲರೆದುರು ತೋರಿಸಿ, ನಗಿಸಿಕೊಂಡು, ಎಲ್ಲಿ ತಪ್ಪಿತು ಎಂದು ಮೂವರೂ ಮುಟ್ಟಿ ನೋಡಿದ ಮೇಲೆಯೇ ಬಿಚ್ಚಬೇಕು. ‘ಬಿಚ್ಚುವ ಮೊದಲು ತೋರಿಸು’ ಎನ್ನುವುದು ಅವರ ಬಾಯಲ್ಲಿ ದೇವರ ನಾಮದಷ್ಟು ಸಲ ಬರುತ್ತಿತ್ತು. ತೋರಿಸದೆ ಬಿಚ್ಚಿದವರು ಅದೇ ತಪ್ಪನ್ನು ಮತ್ತೆ ಮಾಡುತ್ತಾರೆ ಎಂಬುದು ಅವರ ನಂಬಿಕೆ.

ನಾನು ಬಂದ ಹೊಸದರಲ್ಲಿ ಒಂದೇ ರವಿಕೆಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿದ್ದೆ. ಮಾಮಿ ಗಂಡನ ಪಾಯಿಜಾಮದ ಎರಡು ಕಾಲುಗಳನ್ನು ಒಂದಕ್ಕೊಂದು ಸೇರಿಸಿ, ಬುಡವಿಲ್ಲದ ಚೀಲ ಮಾಡಿದ್ದರು. ಅಕ್ಕ ಏನೂ ಕಡಿಮೆಯಿರಲಿಲ್ಲ. ನವಿಲಿನ ಅಂಚಿನ ರೇಷ್ಮೆಯಲ್ಲಿ ರವಿಕೆ ಹೊಲಿದು ನೋಡಿದರೆ ಬೆನ್ನಿನ ನವಿಲುಗಳೆಲ್ಲ ತಲೆಕೆಳಗು. ಬಾವಿಗೆ ಬಗ್ಗಿ ನೀರು ಕುಡಿಯುತ್ತಿವೆ, ಕುಡಿಯಲಿ ಬಿಡು ಎಂದು ಅದನ್ನೇ ತೊಟ್ಟು ಮದುವೆಗೆ ಹೋಗಿಬಂದರು. ಅವರಿಗೆ ತಪ್ಪಿನ ಬಗ್ಗೆ ನಾಚಿಕೆಯೇ ಇರಲಿಲ್ಲ. ನನಗೋ ಹುಟ್ಟಿದಾಗಿನಿಂದ ಅದು ಬಿಟ್ಟರೆ ಬೇರೇನೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಲೋಟ ಒಡೆದರೂ ಸುತ್ತ ನೋಡುವವಳು ನಾನು.

ತಿಂಗಳಿಗೊಮ್ಮೆ ನಮ್ಮ ತಿರುಗಾಟ. ಗಿಂಡಿಯವರೆಗೆ ಬಸ್ಸು, ಅಲ್ಲಿಂದ ಲೋಕಲ್ ರೈಲು ಹಿಡಿದು ಎಗ್ಮೋರಿನ ಮ್ಯೂಸಿಯಂ. ಜನ ಅಲ್ಲಿನ ಪಂಚಲೋಹದ ವಿಗ್ರಹಗಳ ಮುಖ ನೋಡಿ ಕೈಮುಗಿದು ಮುಂದೆ ಹೋಗುತ್ತಾರೆ. ಅಕ್ಕ ದೇವಿಯ ಸೊಂಟದ ಕೆಳಗೆ ಬಟ್ಟೆ ಹೇಗೆ ಬಿದ್ದಿದೆ ಎಂದು ಬಗ್ಗಿ ನೋಡುತ್ತ ನಿಲ್ಲುತ್ತಿದ್ದರು. ಒಬ್ಬ ದೇವಿಯನ್ನು ಕಂಡರೆ ಅವರಿಗೆ ವಿಶೇಷ ಪ್ರೀತಿ. ಅವಳ ಎಡತೊಡೆಯ ಮೇಲಿನ ಮಡಿಕೆಗಳನ್ನು ಪ್ರತಿ ಸಲವೂ ಎಣಿಸುವರು, ಪ್ರತಿ ಸಲವೂ ಏಳು. ಇದನ್ನು ಮಾಡಿದವನು ಹೆಂಡತಿ ಸೀರೆ ಉಡುವುದನ್ನು ಕೂತು ನೋಡಿದ್ದಾನೆ, ಇಲ್ಲದಿದ್ದರೆ ಹೀಗೆ ಬರಲಿಕ್ಕೆ ಸಾಧ್ಯವೇ ಇಲ್ಲ ಎಂದು ಕಾವಲುಗಾರನಿಗೂ ಕೇಳುವಂತೆ ಹೇಳುವರು. ಮಾಮಿಗೆ ಮಾತ್ರ ಕಡಲತೀರದ ಈಸಿಆರ್ ರಸ್ತೆಯಲ್ಲಿ ಹಳೆಯ ಮನೆಗಳನ್ನು ತಂದಿಟ್ಟ ಮ್ಯೂಸಿಯಮ್ಮೇ ಹೆಚ್ಚು, ಅಲ್ಲಿ ಮಗ್ಗವೂ ಇದೆ, ಕೂರಲು ಜಗಲಿಯೂ ಇದೆ ಎಂದು. ಈ ಜಗಳ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ನಡೆಯುತ್ತಿತ್ತು.

ಒಂದು ಗುರುವಾರ ಅಕ್ಕ ಮಿಷನ್ನಿನಿಂದ ಏಳಲು ಹೋದರು, ಏಳಲು ಆಗಲಿಲ್ಲ. ಹೊಲಿಯುತ್ತಿದ್ದ ದಿಂಬಿನ ಚೀಲದ ಜೊತೆಗೆ ತಮ್ಮದೇ ಸೆರಗಿನ ತುದಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದರು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮುಂದಿನ ಗುರುವಾರ ಮತ್ತೆ ಹಾಗೇ ಆಯಿತು. ಆಗ ಯಾರೂ ನಗಲಿಲ್ಲ.

ಕಣ್ಣಿನೊಳಗಿನ ಒತ್ತಡ ಎಂದರು ಡಾಕ್ಟರು. ಅಕ್ಕಪಕ್ಕದ ನೋಟ ಆಗಲೇ ಹೋಗಿತ್ತು. ಬಳೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎಂದು ಅಕ್ಕ ಹೇಳುತ್ತಿದ್ದರು. ಆ ಬಳೆ ಚಿಕ್ಕದಾಗುತ್ತಲೇ ಹೋಗುತ್ತದೆ, ಹನಿ ಹಾಕಿದರೆ ತುಸು ನಿಧಾನವಾಗಬಹುದು, ಹೋದದ್ದು ಮಾತ್ರ ಬರುವುದಿಲ್ಲ. ಅವರು ಅಳಲಿಲ್ಲ. ಕಾಣುವಷ್ಟು ದಿನದೊಳಗೆ ಕೈಗೆ ಕಲಿಸಿಬಿಡುತ್ತೇನೆ ಎಂದರು. ದಾರ ಪೋಣಿಸುವುದು, ಅಂಚು ಮಡಿಸುವುದು, ಸೂಜಿಯ ಸದ್ದು ಕೇಳಿ ಹೊಲಿಗೆ ಎಲ್ಲಿಗೆ ಬಂತೆಂದು ತಿಳಿಯುವುದು. ಹೊಲಿಗೆ ಹೋದರೆ ಇಡೀ ದಿನ ಈ ಕೈಗಳನ್ನು ಎಲ್ಲಿಟ್ಟುಕೊಳ್ಳಲಿ ಎಂದು ನನ್ನನ್ನು ಕೇಳಿದರು.

ಮಾಮಿಯ ಮೊಮ್ಮಗಳಿಗೆ ಒಂದು ಹತ್ತಿಯ ಫ್ರಾಕು, ಕಣ್ಣು ಮುಚ್ಚಿಕೊಂಡೇ ಹೊಲಿದೆ ಎಂದು ಅಕ್ಕ ಹೆಮ್ಮೆಯಿಂದ ಕೊಟ್ಟರು. ಇಸ್ತ್ರಿ ಮಾಡಿ ತರುತ್ತೇನೆಂದು ಮನೆಗೆ ತಂದೆ. ಬಿಸಿಲಿಗೆ ಹಿಡಿದರೆ ಬಗಲಿನ ಹೊಲಿಗೆ ಬಟ್ಟೆಯ ಅಂಚನ್ನೇ ಬಿಟ್ಟು ಹೊರಗೆ ಹೋಗಿತ್ತು, ಒಂದು ತೋಳು ಅರ್ಧ ತೆರೆದೇ ಇತ್ತು. ಅದನ್ನು ಗುರುವಾರ ಎಲ್ಲರೆದುರು ಹಿಡಿದು ತೋರಿಸುವುದು ನನ್ನಿಂದ ಆಗದು ಎನ್ನಿಸಿತು. ಬಿಚ್ಚಿದೆ, ನಾನೇ ಹೊಲಿದೆ. ಮಾಮಿಗೆ ಹೇಳಿದಾಗ ಅವರು ಬೇಡ, ಕಾನೂನು ಕಾನೂನೇ ಎಂದರು. ಕಣ್ಣು ಹೋಗುತ್ತಿರುವವರಿಗೆ ಎಂಥ ಕಾನೂನು ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ.

ಗುರುವಾರ ಫ್ರಾಕನ್ನು ಹೊಗಳಿದ್ದೇ ಹೊಗಳಿದ್ದು. ಅಕ್ಕನ ಮುಖ ಅರಳಿತು. ಆಮೇಲೆ ದಿಂಬಿನ ಚೀಲ, ಲಂಗ, ಇನ್ನೊಂದು ಫ್ರಾಕು. ಎಲ್ಲವೂ ಇಸ್ತ್ರಿಗೆಂದು ನನ್ನ ಮನೆಗೆ ಬರುವುದು, ಸರಿಯಾಗಿ ಹೋಗುವುದು. ಐದು ತಿಂಗಳು ಹೀಗೆ ನಡೆಯಿತು. ಕೈ ಕಲಿತುಬಿಟ್ಟಿದೆ ಎಂದು ಅವರು ಊರಿನ ತಂಗಿಗೆ ಫೋನಿನಲ್ಲಿ ಹೇಳುವುದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು. ಉಪಕಾರ ಮಾಡಿದೆನೆಂದು ನಾನು ಬೀಗುತ್ತಿದ್ದೆ. ಇದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಅವರಿಗೆ ಒಂದು ರೂಢಿಯಿತ್ತು, ನಾನು ಅದನ್ನು ಮರೆತಿದ್ದೆ. ಹೊಲಿಗೆ ಮುಗಿದಲ್ಲಿ ನಾವೆಲ್ಲ ಮಿಷನ್ನನ್ನೇ ಹಿಂದೆ ಮುಂದೆ ಓಡಿಸಿ ಬಿಗಿ ಮಾಡುತ್ತೇವೆ. ಅಕ್ಕ ಮೇಲಿನ, ಕೆಳಗಿನ ಎರಡೂ ದಾರವನ್ನು ಒಳಗೆಳೆದು ಕೈಯಲ್ಲೇ ಗಂಟು ಹಾಕುತ್ತಿದ್ದರು. ಒಂದು ಗುರುವಾರ, ಇಸ್ತ್ರಿಯಾಗಿ ಬಂದ ಲಂಗವನ್ನು ಮಡಿಲಲ್ಲಿಟ್ಟುಕೊಂಡು ಮಾತಾಡುತ್ತಿದ್ದವರ ಬೆರಳು ಅಂಚಿನ ಉದ್ದಕ್ಕೂ ಓಡಿ ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು.

“ಇಲ್ಲಿ ಗಂಟಿಲ್ಲ,” ಎಂದರು. “ಇದು ಯಾರ ಹೊಲಿಗೆ?”

ಮಾಮಿ ಕಾಫಿ ಮಾಡುತ್ತೇನೆಂದು ಎದ್ದು ಒಳಗೆ ಹೋದರು. ನಾನು ತಲೆ ತಗ್ಗಿಸಿ ನನ್ನದೇ ಎಂದೆ. ಎಷ್ಟು ದಿನದಿಂದ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ಲಂಗವನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು.

“ಐದು ತಿಂಗಳ ಹಿಂದೆ ನಂಗೆ ಉಂಗುರದಷ್ಟಾದ್ರೂ ಕಾಣ್ತಿತ್ತು ಮಾರಾಯ್ತಿ. ಆಗ ನೀನು ನನ್ನ ತಪ್ಪು ನಂಗೆ ಕೊಟ್ಟಿದ್ರೆ, ನೋಡಿ, ಮುಟ್ಟಿ, ಕೈಗೆ ಕಲಿಸ್ತಿದ್ದೆ. ಈಗ ಎಂತದೂ ಕಾಣೂದಿಲ್ಲ. ಇನ್ನು ಯಾವುದನ್ನು ನೋಡಿ ಕಲಿಸ್ಲಿ?”

ಬೈಯಲಿಲ್ಲ, ಧ್ವನಿ ಕೂಡ ಏರಿಸಲಿಲ್ಲ. ಬೈದಿದ್ದರೆ ಕಾಲು ಹಿಡಿದಾದರೂ ಹಗುರಾಗುತ್ತಿದ್ದೆ. ಮಿಷನ್ನಿನ ಮುಚ್ಚಳ ಮುಚ್ಚಿದರು. ಆ ಮೇಲೆ ಅದು ತೆರೆಯಲಿಲ್ಲ.

ಗುರುವಾರಗಳು ಮಾತ್ರ ನಿಲ್ಲಲಿಲ್ಲ, ಅಕ್ಕ ನಿಲ್ಲಿಸಲು ಬಿಡಲಿಲ್ಲ. ನಾವಿಬ್ಬರು ಹೊಲಿಯುತ್ತಿದ್ದೆವು, ಅವರು ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ನನ್ನ ಜೊತೆ ಮೊದಲಿನ ಹಾಗೆಯೇ ಮಾತು, ತಮಾಷೆ. ಬದಲಾದದ್ದು ಒಂದೇ ಒಂದು, ಅದು ನನಗೆ ಎಗ್ಮೋರಿನಲ್ಲಿ ಗೊತ್ತಾಯಿತು. ಹಟಮಾಡಿ ಬಂದಿದ್ದರು. ಇಬ್ಬರೂ ಒಂದೊಂದು ತೋಳು ಹಿಡಿದು ಆ ದೇವಿಯ ಎದುರು ನಿಲ್ಲಿಸಿದೆವು. ಬೆಳಕು ಹೇಗಿದೆ, ಧೂಳು ಕೂತಿದೆಯೇ ಎಂದು ಕೇಳಿದರು, ನಾನು ಹೇಳುತ್ತ ಹೋದೆ. ಮಡಿಕೆಗಳನ್ನು ಎಣಿಸು ಎಂದರು. ಎಣಿಸಿ ಏಳು ಎಂದೆ. ಅಕ್ಕ ಮುಖವನ್ನು ಆ ಕಡೆಗೆ ತಿರುಗಿಸಿದರು.

“ಹೌದಾ ಮಾಮಿ?”

ಮಾಮಿ ಕನ್ನಡಕ ಸರಿಮಾಡಿಕೊಂಡು, ಬೆರಳು ಚಾಚಿ ಒಂದೊಂದನ್ನೇ ಎಣಿಸಿ ಹೌದೆಂದರು. ಆಗ ಅಕ್ಕ ತಲೆಯಾಡಿಸಿದರು. ಅಂದಿನಿಂದ ಸೀರೆಯ ಬಣ್ಣವಿರಲಿ, ಗಡಿಯಾರದ ಗಂಟೆಯಿರಲಿ, ನಾನು ಹೇಳಿದ್ದೆಲ್ಲ ಮಾಮಿಯ ಬಾಯಿಂದ ಇನ್ನೊಮ್ಮೆ ಬಂದ ಮೇಲೆಯೇ ಅವರಿಗೆ ಸಲ್ಲುತ್ತಿತ್ತು. ಬೇಕೆಂದು ಚುಚ್ಚಲು ಮಾಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಕಾಣದವರು ಯಾರ ಕೈ ಹಿಡಿಯಬೇಕೆಂದು ನೋಡಿಕೊಳ್ಳಲೇಬೇಕಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆ ಮನೆಗೆ ಹತ್ತಿರವೇ. ಯಜಮಾನರು ಸ್ನಾನಕ್ಕೆಂದು ಮನೆಗೆ ಹೋದಾಗ ನಾನೂ ಮಾಮಿಯೂ ಹೋಗಿ ಕೂರುತ್ತಿದ್ದೆವು. ಅವರು ತೀರಿಕೊಳ್ಳುವ ಮೂರು ದಿನ ಮೊದಲು, ಬೆಳಿಗ್ಗೆ, ಜ್ವರ ಸ್ವಲ್ಪ ಇಳಿದಿತ್ತು. ಅವರ ಬೆರಳುಗಳು ಹೊದಿಕೆಯ ಅಂಚಿನ ಮೇಲೆ ತಡವರಿಸುತ್ತ ಓಡಾಡುತ್ತಿದ್ದವು. ಒಂದು ಕಡೆ ನಿಂತವು. ಮುಖದಲ್ಲಿ ಹಳೆಯ ಕಳೆ ಬಂತು, ಯಾರದೋ ಎಡವಟ್ಟು ಸಿಕ್ಕಿದಾಗ ಬರುತ್ತಿದ್ದ ಕಳೆ. ನನ್ನ ಕೈಯನ್ನು ಹುಡುಕಿ ಹಿಡಿದು ಅಲ್ಲಿಗೆ ಎಳೆದರು.

“ಇಲ್ಲಿ ಹೊಲಿಗೆ ಬಿಟ್ಟಿದೆ. ನೋಡು.”

ನೋಡಿದೆ. ಅಂಚನ್ನು ಬೆಳಕಿಗೆ ಎತ್ತಿ ಆ ಕಡೆ ಈ ಕಡೆ ಒಂದು ಗೇಣು ನೋಡಿದೆ. ಹೊಲಿಗೆ ಎಲ್ಲಿಯೂ ಬಿಟ್ಟಿರಲಿಲ್ಲ. ಮಂಚದ ಆ ಬದಿಯಲ್ಲಿದ್ದ ಮಾಮಿ ನನ್ನನ್ನೇ ನೋಡುತ್ತ, ಹೌದೆನ್ನು ಎಂಬಂತೆ ಕತ್ತು ಆಡಿಸಿದರು. ಹೌದೆನ್ನುವುದು ಎಷ್ಟು ಸುಲಭವಿತ್ತು. ಆದರೆ ಇನ್ನೊಮ್ಮೆ ಅವರ ಕೈಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

“ಇಲ್ಲ ಅಕ್ಕ. ಸರಿಯಾಗೇ ಇದೆ.”

ಅವರು ಮಾಮಿಯನ್ನು ಕೇಳಲಿಲ್ಲ. ನಾನು ಹೇಳಿದ್ದನ್ನು ನಂಬಿದರು, ನಂಬಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಮತ್ತೆ ಆ ಕೈ ಹೊರಗೆ ಬರಲಿಲ್ಲ.