ಕಾಲು ಮುಂದಾಗಿ ಹುಟ್ಟಿದವರು

ಬೆನ್ನೆಂಬುದೊಂದು ನಮಗಿದೆ ಎಂದು ತಿಳಿಯುವುದು ಅದು ಕೈಕೊಟ್ಟ ದಿನವೇ. ಎಪ್ಪತ್ತರ ದಶಕದಲ್ಲಿ, ವೇಣೂರಿನ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದ ನಾನು ಬಿದ್ದ ಸೀಮೆಸುಣ್ಣವನ್ನು ಹೆಕ್ಕಲು ಬಗ್ಗಿದವನು ಹಾಗೆಯೇ ಉಳಿದೆ. ಯಾವ ಹೆಡ್‌ಮಾಸ್ತರರಿಗೂ ಅಷ್ಟು ಬಗ್ಗದಿದ್ದವನ ಈ ವಿನಯವನ್ನು ಕಂಡು ಮಕ್ಕಳು ಮೊದಲು ನಕ್ಕರು, ಆಮೇಲೆ ಹೆದರಿದರು.

ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ ಎಂದರು ಮೂಡುಬಿದಿರೆಯ ಡಾಕ್ಟರು. ಹಲಗೆಯ ಮೇಲೆ ಮಲಗಿ, ಕಾಲಿಗೆ ಇಟ್ಟಿಗೆ ತೂಗಿಸಿ ಎಳೆಸಿಕೊಂಡರೆ ಹೆಚ್ಚಿನವರಿಗೆ ಗುಣವಾಗುತ್ತದಂತೆ. "ಆದ್ರೆ ಪಾದ ಎತ್ಲಿಕ್ಕೆ ಆಗದಿದ್ರೆ ಕಾಯ್ಬೇಡಿ ಮಾಷ್ಟ್ರೆ, ಮಂಗಳೂರಿಗೆ ಹೋಗಿ ಆಪರೇಶನ್ ಮಾಡಿಸಿ" ಎಂದು ಎಚ್ಚರಿಸಿದರು.

ನಮ್ಮೂರಲ್ಲಿ ಹಾಸಿಗೆ ಹಿಡಿದವನು ಸಾರ್ವಜನಿಕ ಆಸ್ತಿ. ಬಂದವರೆಲ್ಲ ನನ್ನ ಇಟ್ಟಿಗೆಗಳನ್ನು ನೋಡಿ, ಚಹಾ ಕುಡಿದು, ಬೆನ್ನು ಕೊಯ್ಸಿಕೊಂಡು ಮತ್ತೆ ಏಳದವರ ಕತೆ ಹೇಳಿ ಹೋಗುತ್ತಿದ್ದರು. ಆ ಏಳದವರನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.

ಒಂದು ಬೆಳಿಗ್ಗೆ ಎಡ ಪಾದ ಮೇಲೇಳಲಿಲ್ಲ. ಹೆಂಡತಿ ಕಾರು ತರಿಸಲು ಹೊರಟಾಗಲೇ ಬೆಳುವಾಯಿಯಿಂದ ಅವಳ ಅಣ್ಣ ಬಂದಿಳಿದರು. ಹುಟ್ಟುವಾಗ ಕಾಲು ಮುಂದಾಗಿ ಬಂದವರು ತುಳಿದರೆ ಸೊಂಟದ ಉಳುಕು ಬಿಡುತ್ತದೆಂಬುದು ನಮ್ಮಲ್ಲಿ ಶಾಸ್ತ್ರಕ್ಕಿಂತ ಗಟ್ಟಿಯಾದ ನಂಬಿಕೆ. ಭಾವ ಹಾಗೆ ಹುಟ್ಟಿದವರು, ಅವರ ಜೀವಮಾನದ ಏಕೈಕ ಸಾಧನೆಯೂ ಅದೇ.

"ಕೊಯ್ಸಿಕೊಳ್ಲಿಕ್ಕೆ ಎಂತ ಅವಸರ ಮಾರಾಯ್ರೆ? ಒಂದು ವಾರ ನಾನು ತುಳೀತೇನೆ. ಕವುಚಿ ಮಲಗಿ ಭಾವ."

"ಡಾಕ್ಟ್ರು ಕಾಯ್ಬಾರ್ದು ಅಂತ ಹೇಳಿದ್ದಾರೆ, ಅಣ್ಣ" ಎಂದಳು ಹೆಂಡತಿ.

"ಡಾಕ್ಟ್ರು ತಲೆ ಮುಂದಾಗಿ ಹುಟ್ಟಿದವರು. ಅವರಿಗೆ ಸೊಂಟದ ವಿಷಯ ಎಂತ ಗೊತ್ತುಂಟು?"

ಹೆಣ್ಣು ಕೊಟ್ಟ ಮನೆಯ ಹಿರಿಯರಿಗೆ ಬೇಡವೆನ್ನುವುದು ಹೇಗೆ? ನಾನು ಕಿರುಚಿದಷ್ಟೂ ನೆರೆದವರು "ಬಿಡ್ತಾ ಉಂಟು, ಬಿಡ್ತಾ ಉಂಟು" ಎಂದು ತಲೆದೂಗಿದರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ವಾರ ಕಳೆದು ಮಂಗಳೂರಿನ ಸರ್ಜನ್ ಕೇಳಿದರು: "ಇಷ್ಟು ದಿನ ಎಂತ ಮಾಡ್ತಿದ್ರಿ?" ತುಳಿಸಿಕೊಳ್ಳುತ್ತಿದ್ದೆ ಎನ್ನಲಾರದೆ, ಮಲಗಿದ್ದೆ ಎಂದೆ. ಆಪರೇಶನ್ ಚೆನ್ನಾಗಿಯೇ ಆಯಿತು, ನೋವು ಹೋಯಿತು. ಸತ್ತ ನರ ಬದುಕಲಿಲ್ಲ. ಎಡ ಪಾದ ಈಗಲೂ ನೆಲ ಗೀರಿಕೊಂಡೇ ಬರುತ್ತದೆ.

ಭಾವನ ಕೀರ್ತಿ ಮಾತ್ರ ಬೆಳ್ತಂಗಡಿಯಾಚೆಗೂ ಹಬ್ಬಿದೆ. ಸೊಂಟ ಹಿಡಿದವರನ್ನು ನಮ್ಮ ಮನೆಗೇ ಕರೆತಂದು ನನ್ನನ್ನು ಆಚೀಚೆ ನಡೆಸುತ್ತಾರೆ. "ನೋಡಿ, ನೋವು ಹೋದದ್ದು ನಾನು ತುಳಿದದ್ದರಿಂದ. ಈ ಕುಂಟು ಉಂಟಲ್ಲ, ಅದು ಆಪರೇಶನ್‌ನದ್ದು."

ಮೊನ್ನೆ ಬಂದ ಮುಂಡಾಜೆಯ ಯುವಕನ ಪಾದವೂ ನೆಲ ಗೀರುತ್ತಿತ್ತು. "ಇವತ್ತೇ ಮಂಗಳೂರಿಗೆ ಹೋಗಿ" ಎಂದು ಕೈಹಿಡಿದು ಬೇಡಿಕೊಂಡೆ. ಅವನು ನನ್ನ ಕಾಲನ್ನೊಮ್ಮೆ, ಭಾವನ ಕಾಲನ್ನೊಮ್ಮೆ ನೋಡಿದ. ನಮ್ಮ ಚಾವಡಿಯಲ್ಲೇ ಕವುಚಿ ಮಲಗಿದ.